ಹಳೆಯ ಪಿಕಪ್ಪಿಗೆ ಹೊಸ ಇಂಜಿನ್ನು, ನನ್ನದೊಂದು ಸುಳ್ಳು

ಬಾನೆಟ್ಟು ತೆರೆದು ನಿಂತ ಗಾಡಿಯ ಮುಂದೆ ಗಂಡಸಾದವನು ಹಾಗೇ ಹಾದುಹೋಗುವಂತಿಲ್ಲ. ನಿಲ್ಲಬೇಕು, ಸೊಂಟದ ಮೇಲೆ ಕೈ ಇಡಬೇಕು, ಬಗ್ಗಿ ಒಳಗೆ ನೋಡಬೇಕು, ಸ್ವಲ್ಪ ಹೊತ್ತು ಬಿಟ್ಟು ‘ಹೂಂ’ ಎಂದು ತಲೆ ಆಡಿಸಬೇಕು. ಈ ಕಾನೂನನ್ನು ಯಾರು ಮಾಡಿದರೋ ತಿಳಿಯದು, ನಾನಂತೂ ಐವತ್ತು ದಾಟುವವರೆಗೆ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ ಆ ಬಾನೆಟ್ಟಿನ ಒಳಗೆ ನನಗೆ ಗುರುತು ಸಿಗುವುದು ಬ್ಯಾಟರಿ ಒಂದೇ. ಉಳಿದದ್ದೆಲ್ಲ ನನ್ನ ಪಾಲಿಗೆ ಎಣ್ಣೆ ಹತ್ತಿದ ಕಬ್ಬಿಣ. ಆದರೂ ನಾನು ತಲೆ ಆಡಿಸುವ ಗತ್ತು ನೋಡಿ ಒಂದೆರಡು ಸಲ ಅಪರಿಚಿತರು ‘ಏನಾಗಿರಬೇಕ್ರಿ?’ ಎಂದು ನನ್ನನ್ನೇ ಕೇಳಿದ್ದುಂಟು. ‘ಡೀಸೆಲ್ ಬರಾಕತ್ತಿಲ್ಲ ಅನಸ್ತೈತಿ’ ಎಂದು ಹೇಳಿ, ಬಸ್ಸು ಬಂತೆಂಬ ನೆಪದಲ್ಲಿ ಜಾಗ ಖಾಲಿ ಮಾಡಿದ್ದೇನೆ. ಇಂಥ ಸಣ್ಣಪುಟ್ಟ ಸುಳ್ಳುಗಳಿಂದ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಹೋದ ದ್ರಾಕ್ಷಿ ಹಂಗಾಮಿನಲ್ಲಿ ಮಾತ್ರ ಈ ಚಾಳಿ ನನ್ನ ಹೆಂಡತಿಯ ವರ್ಷದ ದುಡಿಮೆಗೇ ಕಲ್ಲು ಹಾಕುವ ಮಟ್ಟಕ್ಕೆ ಬಂದಿತ್ತು.

ನಾನು ಬಬಲೇಶ್ವರದ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆ ಇರುವುದು ತಿಕೋಟಾದಲ್ಲಿ. ಬಿಜ್ಜರಗಿಯಲ್ಲಿ ನಮ್ಮದೊಂದು ಮೂರೆಕರೆ ದ್ರಾಕ್ಷಿ ಪ್ಲಾಟ್ ಇದೆ. ನಮ್ಮದು ಎಂದೆನೇ ಹೊರತು ಅಲ್ಲಿ ನನಗಿರುವ ಅಧಿಕಾರ ಬಾವಿಯ ನೀರು ಕುಡಿಯುವಷ್ಟು ಮಾತ್ರ. ಬಳ್ಳಿ ಕತ್ತರಿಸುವುದರಿಂದ ಹಿಡಿದು ಔಷಧ ಹೊಡೆಸುವವರೆಗೆ ಎಲ್ಲ ಮಹಾದೇವಿಯದು, ಅಂದರೆ ನನ್ನ ಹೆಂಡತಿಯದು. ಗೊನೆ ಕಡಿದು ಕ್ರೇಟಿಗೆ ತುಂಬಿ, ತಿಕೋಟಾದ ಶೆಡ್ಡಿಗೆ ಸಾಗಿಸಿ, ಅಲ್ಲಿ ಜಾಳಿಗೆಯ ಮೇಲೆ ಹರವಿ ಒಣಗಿಸಿದರೆ ಅದೇ ಮಣೂಕ. ನೀವು ಪಾಯಸದಲ್ಲಿ ಹುಡುಕಿ ತಿನ್ನುವ ಒಣದ್ರಾಕ್ಷಿ. ಹೀಗೆ ಸಾಗಿಸುವ ಪಿಕಪ್ ಗಾಡಿಯನ್ನು ಓಡಿಸುವವಳೂ ಅವಳೇ. ಕಾಖಂಡಕಿಯಲ್ಲಿದ್ದ ನಮ್ಮ ಮಾವನವರು ಅದನ್ನು ಕೊಂಡದ್ದು. ತವರಿಗೆ ಹೋದಾಗಲೆಲ್ಲ ಅವಳು ಅಪ್ಪನ ಹೊಲದ ದಾರಿಯಲ್ಲಿ ಓಡಿಸಿ ಕಲಿತಳು. ಮಾವನವರಿಗೆ ಕಣ್ಣು ಮಂಜಾದಾಗ ಅವರು ಚಾವಿಯನ್ನು ಅಳಿಯನ ಕೈಗೆ ಕೊಡದೆ ಮಗಳ ಕೈಗೆ ಕೊಟ್ಟರು. ಕಣ್ಣು ಮಂಜಾಗಿದ್ದರೂ ಮನುಷ್ಯರನ್ನು ಅವರು ಸರಿಯಾಗಿಯೇ ನೋಡಿದ್ದರು. ನಾನೊಮ್ಮೆ ಪ್ಲಾಟಿನಲ್ಲಿ ಅದನ್ನು ಹಿಂದಕ್ಕೆ ತೆಗೆಯಲು ಹೋಗಿ ಔಷಧ ಕಲೆಸುವ ಡ್ರಮ್ಮನ್ನು ಬಾವಿಯವರೆಗೆ ಉರುಳಿಸಿದೆ. ಆಮೇಲೆ ನನ್ನ ಲೈಸೆನ್ಸು ಸ್ಕೂಟರಿನಿಂದ ಮುಂದೆ ಹೋಗಲಿಲ್ಲ. ನಾನು ಎಡಗಡೆಯ ಸೀಟಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಾ ಬರುವ ಮನುಷ್ಯ. ಅದರಲ್ಲಿ ನನಗೆ ಬೇಸರವೂ ಇಲ್ಲ.

ಆ ಗಾಡಿ ಹಂಗಾಮಿಗೆ ಮೂರು ವಾರವಿರುವಾಗ ತಿಕೋಟಾ ದಾಟಿದ ಏರಿನಲ್ಲಿ ಮೊದಲು ಬಿಳಿ ಹೊಗೆ, ಆಮೇಲೆ ಕರಿ ಹೊಗೆ ಬಿಟ್ಟು, ಕಡೆಗೆ ಒಳಗೆ ಯಾರೋ ಪಾತ್ರೆ ಎಸೆದಂಥ ಸದ್ದು ಮಾಡಿ ನಿಂತಿತು. ನೋಡಿದವರೆಲ್ಲ ಇಂಜಿನ್ನಿನ ಕಥೆ ಮುಗಿಯಿತೆಂದರು. ಗುಜರಿಗೆ ಹಾಕಿ ಬೇರೆ ಗಾಡಿ ತಗೊಳ್ಳಿರೆಂದು ನಮ್ಮ ಓಣಿಯ ಅರ್ಧ ಜನ ಸಲಹೆ ಕೊಟ್ಟರು. ನಾನೂ ಅದನ್ನೇ ಹೇಳಿದೆ. ಮಹಾದೇವಿ ಒಪ್ಪಲಿಲ್ಲ. ‘ಬಾಡಿ ಗಟ್ಟಿ ಐತಿ, ಚಾಸಿ ಗಟ್ಟಿ ಐತಿ, ಹೋಗಿದ್ದು ಇಂಜಿನ್ ಒಂದ. ಹೊಸಾ ಮಾದರಿ ಇಂಜಿನ್ ತಂದು ಕೂಡಸ್ತಾರಂತ ವಿಜಾಪುರದಾಗ. ಹಣ್ಣಿಗೆ ಸಕ್ಕರಿ ಏರಾಕತ್ತೈತಿ, ನಾ ಪ್ಲಾಟ್ ಬಿಟ್ಟು ಬರಾಕ ಆಗಂಗಿಲ್ಲ. ಹಂಗಾಮಿನ್ಯಾಗ ಬಾಡಿಗಿ ಗಾಡಿ ಕೇಳಿದ್ರ ಇವತ್ತು ನಾಳೆ ಅಂತಾರ, ಗೊನಿ ಬಳ್ಳಿ ಮ್ಯಾಲ ಒಡಿತಾವ. ಇದೊಂದು ಕೆಲಸ ನೀವು ಮಾಡ್ರಿ’ ಎಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಪ್ಲಾಟಿಗೆ ಸಂಬಂಧಿಸಿದ ಕೆಲಸವೊಂದನ್ನು ಅವಳು ಪೂರ್ತಿಯಾಗಿ ನನ್ನ ಮೇಲೆ ಬಿಟ್ಟದ್ದು ಅದೇ ಮೊದಲು. ನಾನು ಸೊಂಟದ ಮೇಲೆ ಕೈ ಇಟ್ಟು ‘ಹೂಂ’ ಎಂದೆ.

ವಿಜಯಪುರದ ಸೊಲ್ಲಾಪುರ ರಸ್ತೆಯ ಲಾಡ್ಲೇಸಾಬ ಮಿಸ್ತ್ರಿಯವರ ಬಳಿಗೆ ಗಾಡಿಯನ್ನು ಎಳೆಸಿಕೊಂಡು ಹೋದೆ. ಅರವತ್ತು ದಾಟಿದ, ಎತ್ತರದ, ಸಣಕಲು ಮನುಷ್ಯ. ಬಿಳಿ ಗಡ್ಡ, ದಾರ ಕಟ್ಟಿದ ಕನ್ನಡಕ. ಅವರು ಮಾತಾಡಿದರೆ ಪಕ್ಕದವರಿಗೆ ಮಾತ್ರ ಕೇಳಿಸುತ್ತದೆ. ಅವರ ತಂದೆ ಇದೇ ರಸ್ತೆಯಲ್ಲಿ ಲಾರಿ ಇಂಜಿನ್ ಬಿಚ್ಚುತ್ತಿದ್ದರಂತೆ. ಮಿಸ್ತ್ರಿ ಗಾಡಿಯ ಸುತ್ತ ಒಂದು ಸುತ್ತು ಬಂದು, ಕೆಳಗೆ ಮಲಗಿ ನೋಡಿ, ಎದ್ದು ಬಟ್ಟೆ ಝಾಡಿಸಿಕೊಂಡು, ‘ಗಾಡಿ ಚಲೋ ಇಟ್ಟೀರಿ’ ಎಂದರು. ಆ ಹೊಗಳಿಕೆ ಯಾರಿಗೆ ಸಲ್ಲಬೇಕೆಂದು ನನಗೆ ಗೊತ್ತಿತ್ತು. ಆದರೂ ನಾನೇ ಇಟ್ಟುಕೊಂಡೆ.

ಅದೇ ಕಂಪನಿಯ ಹೊಸ ಪಿಕಪ್ಪೊಂದು ಎಲ್ಲೋ ಉರುಳಿ ಬಿದ್ದು ಬಾಡಿ ನುಜ್ಜಾಗಿ, ಇಂಜಿನ್ನು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅದನ್ನು ಮಿಸ್ತ್ರಿಯೇ ಹುಡುಕಿ ತಂದರು. ಇಂಜಿನ್ನು ಬದಲಿಸಲು ಮೊದಲೇ ಸರ್ಕಾರದ ಅನುಮತಿ ಬೇಕು, ಅರ್ಜಿ ಬರೆಯಬೇಕು, ನಂಬರುಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಇಲ್ಲಿ ಮಾತ್ರ ನಾನು ನನ್ನ ಕೈಚಳಕ ತೋರಿಸಿದೆ. ನಾನು ಬರೆದ ಅರ್ಜಿಯಲ್ಲಿ ಒಂದು ಅಲ್ಪವಿರಾಮವೂ ಹೆಚ್ಚಾಗಿರಲಿಲ್ಲ. ನಾನು ಉಜ್ಜಿದ ಪೆನ್ಸಿಲ್ ಅಚ್ಚಿನಲ್ಲಿ ಪ್ರತಿ ಅಂಕಿಯೂ ಎದ್ದು ಕಾಣುತ್ತಿತ್ತು. ಅನುಮತಿಯೂ ತಡವಿಲ್ಲದೆ ಬಂತು. ಈ ಇಡೀ ಕಾರ್ಯದಲ್ಲಿ ನನ್ನಿಂದಾದ ಉಪಕಾರ ಇಷ್ಟೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಿದ್ದೇನೆ.

ಮಿಸ್ತ್ರಿಯ ಕೆಲಸವನ್ನು ನೋಡಬೇಕು ನೀವು. ಕಚೇರಿ ಮುಗಿದ ಮೇಲೆ ಬಬಲೇಶ್ವರದಿಂದ ನೆಟ್ಟಗೆ ವಿಜಯಪುರದ ಬಸ್ಸು ಹತ್ತಿ ನಾನು ದಿನಾ ಅಲ್ಲಿಗೆ ಹೋಗುತ್ತಿದ್ದೆ. ಮೊದಮೊದಲು ಜವಾಬ್ದಾರಿಯೆಂದು ಹೋದವನು, ಆಮೇಲೆ ಚಟ ಹತ್ತಿದವನಂತೆ ಹೋದೆ. ಹಳೆಯ ಇಂಜಿನ್ನನ್ನು ಸರಪಳಿಯಲ್ಲಿ ಎತ್ತಿ ಹೊರತೆಗೆದಾಗ ಅವರು ಅದನ್ನು ಎಸೆಯಲಿಲ್ಲ, ನೆಲಕ್ಕೆ ಗೋಣಿ ಹಾಸಿ ಇಳಿಸಿದರು. ಹೊಸ ಇಂಜಿನ್ನು ಹಳೆಯದಕ್ಕಿಂತ ತುಸು ಉದ್ದ. ಗಾಡಿಯಲ್ಲಿ ಅದಕ್ಕೆ ಜಾಗವಿಲ್ಲ. ಅಳತೆ ಟೇಪು ಅವರ ಜೇಬಿನಲ್ಲೇ ಇತ್ತು, ತೆಗೆದದ್ದನ್ನು ನಾನು ಕಾಣೆ. ಸುತಳಿ ಹಿಡಿದು ಗಂಟು ಹಾಕಿ ಅಳೆಯುತ್ತಿದ್ದರು. ಹಳೆಯ ರಟ್ಟಿನ ಡಬ್ಬ ಕತ್ತರಿಸಿ ನಮೂನೆ ಮಾಡಿ, ಅದು ಹೊಂದಿದ ಮೇಲೆಯೇ ಕಬ್ಬಿಣ ಕೊಯ್ಯುತ್ತಿದ್ದರು. ಹೊಸ ಇಂಜಿನ್ನಿಗೆ ವೈರುಗಳೂ ಜಾಸ್ತಿ. ಅವನ್ನೆಲ್ಲ ಬಿಡಿಸಿ, ಶ್ಯಾವಿಗೆ ಒಣಹಾಕಿದಂತೆ ಹೊರಸಿನ ಮೇಲೆ ಸಾಲಾಗಿ ಹರವಿ, ಒಂದೊಂದಕ್ಕೂ ಬೇರೆ ಬಣ್ಣದ ದಾರ ಕಟ್ಟಿದರು. ನಾನು ಹತ್ತಿರ ನಿಂತು ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತಿರಲಿಲ್ಲ. ‘ನೋಡ್ರಿ ಸಾಹೇಬ್ರ, ಇದು ಉಸಿರು ತಗೊಳ್ಳೋ ದಾರಿ, ಇದು ಬಿಡೋ ದಾರಿ’ ಎಂದು ತೋರಿಸುತ್ತಿದ್ದರು. ಮೂವತ್ತು ವರ್ಷ ಕಡತಗಳ ನಡುವೆ ಕಳೆದ ನನಗೆ, ಒಂದು ಕೆಲಸ ಹೀಗೂ ನಡೆಯಬಹುದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರ ಮೇಲೆ ನನಗೆ ಭಕ್ತಿಯೇ ಹುಟ್ಟಿತು.

ಆರನೆಯ ದಿನವೋ ಏಳನೆಯ ದಿನವೋ ಎಡವಟ್ಟಾಯಿತು. ಹೊಸ ಇಂಜಿನ್ನಿನ ಜೊತೆಗೆ ಅದರ ಗೇರ್ ಬಾಕ್ಸೂ ಬರುತ್ತದೆ. ಹಾಗಾಗಿ ಗೇರ್ ಲೀವರು ಮೊದಲಿನ ಜಾಗದಲ್ಲಿ ಬರದೆ ಒಂದು ಗೇಣು ಹಿಂದಕ್ಕೆ ಬರುತ್ತದೆ. ಕ್ಯಾಬಿನ್ನಿನ ತಳ ಕೊಯ್ದು, ಲೀವರನ್ನು ಕಾಯಿಸಿ ಬಗ್ಗಿಸಿ ಕೂರಿಸಬೇಕು. ಇಲ್ಲಿ ಲಾಡ್ಲೇಸಾಬರದೊಂದು ಪದ್ಧತಿಯಿದೆ. ಗಾಡಿ ಓಡಿಸುವವರನ್ನೇ ಕರೆಸಿ, ಸೀಟಿನಲ್ಲಿ ಕೂರಿಸಿ, ದರ್ಜಿ ಅಂಗಿಗೆ ಅಳತೆ ತೆಗೆದಂತೆ ಅವರ ಕೈಗೆ ಲೀವರಿನ ಅಳತೆ, ಕಾಲಿಗೆ ಕ್ಲಚ್ಚಿನ ಅಳತೆ ತೆಗೆಯುತ್ತಾರೆ. ‘ಇಂಜಿನ್ ಯಾವ್ದರ ಕೂಡಸಬೌದ್ರಿ, ಹೊಡಿಯವ್ರ ಕೈಕಾಲಿಗೆ ಹೊಂದಬೇಕು. ಒಮ್ಮೆ ವೆಲ್ಡ್ ಮಾಡಿದ್ರ ಮತ್ತ ಬಿಚ್ಚಾಕ ನಾಕು ದಿನ ಬೇಕು. ಗಾಡಿ ಯಾರು ಹೊಡಿತಾರ್ರಿ?’ ಎಂದು ಕೇಳಿದರು.

ಕೇಳುವ ಹೊತ್ತಿಗೆ ಎದುರಿನ ಬೆಂಚಿನ ಮೇಲೆ ನಾಲ್ವರು ಲಾರಿ ಡ್ರೈವರುಗಳು ಚಹಾ ಕುಡಿಯುತ್ತಾ ಕುಳಿತಿದ್ದರು. ಅವರ ಮೀಸೆಗಳೇ ಒಂದೊಂದು ನನ್ನ ಮೊಳಕೈಯಷ್ಟು ಇದ್ದವು. ನಾಲ್ವರೂ ನನ್ನ ಕಡೆ ನೋಡಿದರು. ‘ನನ್ನ ಹೆಂಡ್ತಿ ಹೊಡಿತಾಳ್ರಿ’ ಎಂಬ ಮಾತು ಗಂಟಲಿನವರೆಗೆ ಬಂದದ್ದು ನಿಜ. ಬಾಯಿಂದ ಹೊರಬಂದದ್ದು ಮಾತ್ರ ‘ನಾನ’ ಎಂದು. ಇಡೀ ಜಿಲ್ಲೆಗೆ ಗೊತ್ತಿದ್ದರೂ ನನಗೆ ನಾಚಿಕೆಯಾಗದ ಸಂಗತಿಗೆ, ಆ ನಾಲ್ಕು ಮೀಸೆಗಳ ಮುಂದೆ ಯಾಕೆ ನಾಚಿಕೆಯಾಯಿತೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಹತ್ತಿ ಕುಳಿತೆ. ಮಿಸ್ತ್ರಿ ನನ್ನ ಕೈಯನ್ನು ಒಮ್ಮೆ ನೋಡಿದರು. ‘ಕ್ಲಚ್ ಒತ್ರಿ’ ಎಂದರು. ಒತ್ತಿದೆ. ‘ಅದು ಬ್ರೇಕ್ ರಿ’ ಎಂದರು ಮೆಲ್ಲಗೆ. ‘ಗೊತ್ತೈತಿ, ಮೊದ್ಲ ಬ್ರೇಕ್ ನೋಡಾಕತ್ತಿದ್ದೆ’ ಎಂದೆ. ಅವರು ‘ಇರ್ಲಿ ಇರ್ಲಿ’ ಎಂದು ನನ್ನ ಹೆಗಲಿನಿಂದ ಅಂಗೈವರೆಗೆ ಸುತಳಿ ಹಿಡಿದು ಗಂಟು ಹಾಕಿ, ಜೇಬಿಗೆ ಹಾಕಿಕೊಂಡರು. ನಾನು ಇಳಿದು, ಡ್ರೈವರುಗಳ ಕಡೆ ನೋಡದೆ, ಡ್ರೈವರನಂತೆ ನಡೆದುಕೊಂಡು ಬಂದೆ.

ಬಸ್ಸಿನಲ್ಲಿ ಕುಳಿತ ಮೇಲೆ ನಾನು ಮಾಡಿದ್ದೇನೆಂದು ಹೊಳೆಯಿತು. ನಾನು ಆರಡಿಗೆ ಎರಡು ಬೆರಳು ಕಡಿಮೆ. ಮಹಾದೇವಿ ನನ್ನ ಎದೆಮಟ್ಟಕ್ಕೆ ಬರುತ್ತಾಳೆ. ನನ್ನ ತೋಳಿನ ಅಳತೆಗೆ ಲೀವರು ವೆಲ್ಡಾದರೆ ಅವಳು ಗೇರು ಹಾಕಲು ಸೀಟು ಬಿಟ್ಟು ಏಳಬೇಕು. ದಿನಕ್ಕೆ ಏಳೆಂಟು ಖೇಪು ಕ್ರೇಟು ಸಾಗಿಸುವವಳು ಹಾಗೆ ಎಷ್ಟು ಸಲ ಎದ್ದಾಳು? ಗಾಡಿ ಮತ್ತೆ ಬಿಚ್ಚಿದರೆ ನಾಲ್ಕು ದಿನ. ನಾಲ್ಕು ದಿನ ಬಳ್ಳಿಯ ಮೇಲಿನ ಗೊನೆ ಕಾಯುವುದಿಲ್ಲ. ಮನೆಗೆ ಬಂದು ಹೇಳಿಬಿಡಬೇಕೆಂದುಕೊಂಡೆ. ಅವಳು ಆಗಷ್ಟೇ ಪ್ಲಾಟಿನಿಂದ ಬಂದು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದಳು. ‘ಸೋಮವಾರ ಕಡಿಯಾಕ ಆಳು ಹೇಳೇನಿ. ಮಿಸ್ತ್ರಿಗೆ ಒಂದು ಮಾತು ಹೇಳ್ರಿ, ಕ್ಲಚ್ ಜಡ ಆಗಬಾರ್ದು, ನನ್ನ ಎಡಗಾಲು ಮೊಣಕಾಲು ನೋಯ್ತೈತಿ’ ಎಂದಳು. ಅವಳ ಮೊಣಕಾಲು ನೋಯುತ್ತದೆಂಬುದೇ ನನಗೆ ಹೊಸ ಸುದ್ದಿ. ‘ಹೇಳ್ತೀನಿ ಬಿಡು’ ಎಂದೆ.

ಮರುದಿನ ಬೆಂಚಿನ ಮೇಲೆ ಮತ್ತೆ ಮೀಸೆಗಳಿದ್ದವು. ಹಾಗಾಗಿ ‘ಮಿಸ್ತ್ರಿ, ಕ್ಲಚ್ ಹಗರ ಇರ್ಲಿ, ನನ್ನ ಎಡ ಮೊಣಕಾಲು ನೋಯ್ತೈತಿ’ ಎಂದೆ. ಹೇಳಿದ ಮೇಲೆ ಕುಂಟದೆ ಬೇರೆ ದಾರಿಯಿರಲಿಲ್ಲ. ಮೂರು ದಿನ ಸೊಲ್ಲಾಪುರ ರಸ್ತೆಯಲ್ಲಿ ಕುಂಟಿದೆ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಅಲ್ಲಿ ಕಂಡದ್ದರಿಂದ ಬಬಲೇಶ್ವರದಲ್ಲಿಯೂ ಕುಂಟಬೇಕಾಯಿತು. ಅವರು ಕರುಣೆಯಿಂದ ನನ್ನ ಕಡತಗಳನ್ನು ತಾವೇ ಎತ್ತಿಕೊಟ್ಟರು. ಮೂರನೆಯ ದಿನದ ಹೊತ್ತಿಗೆ ಮೊಣಕಾಲು ನಿಜವಾಗಿಯೂ ಸ್ವಲ್ಪ ನೋಯತೊಡಗಿತ್ತು.

ಶನಿವಾರ ಮಧ್ಯಾಹ್ನ, ಏನಾದರಾಗಲಿ ನಿಜ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಹೋದೆ. ತಡವಾಗಿತ್ತು. ಲೀವರು ಕೂತು, ತಳದ ತಗಡು ಮುಚ್ಚಿ, ಅದರ ಮೇಲೆ ಬಣ್ಣವೂ ಒಣಗಿತ್ತು. ಮಿಸ್ತ್ರಿ ಇಂಜಿನ್ನು ಶುರು ಮಾಡಿದರು. ಆ ಗಾಡಿಗೆ ಅಂಥ ದನಿ ಇರಬಹುದೆಂದು ನಾನು ಅಂದುಕೊಂಡಿರಲಿಲ್ಲ. ಮೊದಲು ಅದು ಶುರುವಾದರೆ ಓಣಿಯ ನಾಯಿಗಳೆಲ್ಲ ಏಳುತ್ತಿದ್ದವು. ಈಗ ಬಾನೆಟ್ಟಿನ ಮೇಲೆ ಇಟ್ಟ ಚಹಾದ ಗ್ಲಾಸು ಅಲುಗಲಿಲ್ಲ. ಮಿಸ್ತ್ರಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ‘ಹೊಡೀರಿ ಸಾಹೇಬ್ರ, ಒಂದು ರೌಂಡ್ ಹೋಗಿ ಬರೋಣು’ ಎಂದು ಮಿಸ್ತ್ರಿ ಹೇಳಿದಾಗ ನಾನು, ‘ನೀವ ಹೊಡೀರಿ, ನಾ ಬಾಜೂಕ ಕುಂತು ಸಪ್ಪಳ ಕೇಳ್ತೀನಿ’ ಎಂದೆ. ಅವರು ಓಡಿಸಿದರು. ಎತ್ತರದ ಆಳು, ಮೊಣಕಾಲು ಮಡಚಿಕೊಂಡು ಬಗ್ಗಿ ಕುಳಿತು ಓಡಿಸುವುದು ಕಂಡಿತು. ವಯಸ್ಸಾಗಿದೆ ಪಾಪ ಎಂದುಕೊಂಡೆ. ನನ್ನ ತಲೆ ಓಡುವುದು ಅಷ್ಟೇ ದೂರ.

ಭಾನುವಾರ ಗಾಡಿ ತರಲು ಮಹಾದೇವಿಯೇ ಬಂದಳು. ಸೀರೆಯ ಮೇಲೆ ನನ್ನ ಹಳೆಯ ಅಂಗಿ ತೊಟ್ಟು, ಪ್ಲಾಟಿನಿಂದ ನೇರವಾಗಿ ಬಸ್ಸು ಹತ್ತಿದ್ದಳು. ಅವಳು ಗಾಡಿಯ ಹತ್ತಿರ ಹೋಗುವಾಗ ನಾನು ಎದುರಿನ ಟೈರು ಅಂಗಡಿಯ ಫಲಕ ಓದುತ್ತಾ ನಿಂತೆ. ಮುಂದಿನ ಒಂದು ನಿಮಿಷದಲ್ಲಿ ನನ್ನ ಸುಳ್ಳು ಬಯಲಾಗುತ್ತದೆ. ಅದಿರಲಿ, ನಾಳೆಯಿಂದ ಕಡಿಯುವ ದ್ರಾಕ್ಷಿಗೆ ಗಾಡಿಯಿಲ್ಲ. ಬಾಗಿಲು ಹಾಕಿದ ಸದ್ದಾಯಿತು. ಗೇರು ಒಂದೊಂದಾಗಿ ಬೀಳುವ ಸದ್ದಾಯಿತು. ಆಮೇಲೆ ಅವಳ ದನಿ ಕೇಳಿತು. ‘ಮಿಸ್ತ್ರಿ, ಕೈ ಎಲ್ಲಿ ಹೋಗ್ತೈತಿ ಅಲ್ಲೇ ಐತಿ ನೋಡ್ರಿ. ಹಳೇದು ಇಷ್ಟು ಚಲೋ ಇರ್ಲಿಲ್ಲ. ಕ್ಲಚ್ಚೂ ಬೆಣ್ಣಿ ಆಗೇತಿ. ನನ್ನ ಅಳತಿ ಯಾರು ಕೊಟ್ರು?’

ನಾನು ತಿರುಗಿ ನೋಡಿದೆ. ಮಿಸ್ತ್ರಿ ಕನ್ನಡಕ ಒರೆಸಿಕೊಳ್ಳುತ್ತಾ, ‘ಸಾಹೇಬ್ರು ದಿನಾ ಬರ್ತಿದ್ರಲ್ರಿ ಅಕ್ಕಾರ’ ಎಂದರು. ಮಹಾದೇವಿ ನನ್ನ ಕಡೆ ನೋಡಿದ ರೀತಿ ಮದುವೆಯ ಹೊಸದರಲ್ಲಿಯೂ ಇರಲಿಲ್ಲ. ಅವಳು ಒಂದು ರೌಂಡಿಗೆಂದು ಗಾಡಿ ತಗೊಂಡು ಹೋದಳು. ತಿರುವಿನಲ್ಲಿ ಎಮ್ಮೆಗಳ ಹಿಂಡೊಂದು ಅಡ್ಡ ಬಂದಾಗ ಗೇರು ಇಳಿಸಿ, ದಾರಿ ಮಾಡಿಕೊಂಡು, ಹಾರನ್ನೂ ಬಾರಿಸದೆ ದಾಟಿದ್ದನ್ನು ಬೆಂಚಿನ ಮೇಲಿನ ಡ್ರೈವರೊಬ್ಬರು ಎದ್ದು ನಿಂತು ನೋಡಿದರು. ‘ಕೈ ಚಲೋ ಐತಿ ಅಕ್ಕಾಂದು’ ಎಂದರು. ನಾನು ಅಂಜಿ ಸತ್ತದ್ದು ಈ ಮನುಷ್ಯರಿಗೆ.

ಅವಳು ಬರುವುದರೊಳಗೆ ಮಿಸ್ತ್ರಿಯನ್ನು ಕೇಳಿದೆ. ಅವರು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಗೇರ್ ಲೀವರನ್ನು ತಂದು ನನ್ನ ಕೈಯಲ್ಲಿಟ್ಟರು. ‘ತುದಿ ಗುಂಡಿನ ಕೆಳಗ ನೋಡ್ರಿ, ಒಂದ ಕಡೆ ಬಳಿ ತಿಕ್ಕಿ ತಿಕ್ಕಿ ಗೆರಿ ಬಿದ್ದಾವ. ನಿಮ್ಮ ಕೈಯಾಗ ಬಳಿ ಎಲ್ಲಿ ಅದಾವ್ರಿ ಸಾಹೇಬ್ರ? ಕ್ಲಚ್ಚಿನ ರಬ್ಬರ್ ಕೆಳಗಿನ ಅಂಚಿಗಷ್ಟ ಸವದೈತಿ, ಕಾಲು ಸಣ್ಣದು. ಸೀಟಿನ ಮುಂದಿನ ತುದಿ ಕುಸದೈತಿ, ಮುಂದ ಸರದು ಕುಂದರ್ತಾರ. ಗಾಡಿ ಬಂದ ದಿನಾನ ನೋಡಿ ಅಳತಿ ತಗೊಂಡೇನಿ’ ಎಂದರು. ಹಾಗಾದರೆ ನನ್ನನ್ನು ಕೂರಿಸಿ ಸುತಳಿ ಹಿಡಿದದ್ದೇಕೆ ಎಂದು ಕೇಳಿದೆ. ‘ನಾ ಕೇಳಿದ್ದು ಅಕ್ಕಾರ್ನ ಕರ್ಕೊಂಡು ಬರ್ರಿ ಅನ್ನಾಕ. ನೀವು ನಾನ ಅಂದ್ರಿ. ಮಂದಿ ಕುಂತಿದ್ರು, ಇಲ್ಲ ಅನ್ನಾಕ ಆಗ್ಲಿಲ್ಲ’ ಎಂದರು. ಜೇಬಿನಿಂದ ನನ್ನ ಅಳತೆಯ ಸುತಳಿ ತೆಗೆದು, ಗಂಟು ಬಿಚ್ಚಿ, ಅದರಿಂದಲೇ ಹಳೆಯ ವೈರುಗಳ ಕಟ್ಟೊಂದನ್ನು ಬಿಗಿದಿಟ್ಟರು. ನನಗೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಗಾಡಿ ಊರು ದಾಟಿ ತಿಕೋಟಾದ ದಾರಿ ಹಿಡಿಯಿತು. ಮಹಾದೇವಿ ಮೇಲಿನ ಗೇರು ಹಾಕಿ, ‘ಇಷ್ಟು ವರ್ಷ ಬಾಜೂಕ ಕುಂತು ಬರೇ ಕಿಟಕಿ ನೋಡ್ತೀರಿ ಅಂತ ತಿಳದಿದ್ದೆ. ನನ್ನ ಕೈ ಎಲ್ಲಿ ಇರ್ತೈತಿ ಅಂತ ನಿಮಗ ಗೊತ್ತೈತಿ ಅಂತ ಗೊತ್ತಿರ್ಲಿಲ್ಲ’ ಎಂದಳು. ಅವಳ ದನಿಯಲ್ಲಿದ್ದ ಸಂತೋಷವನ್ನು ಹಾಗೇ ಜೇಬಿಗೆ ಹಾಕಿಕೊಳ್ಳಲು ನನಗೆ ಏನೂ ಅಡ್ಡಿಯಿರಲಿಲ್ಲ. ಮಿಸ್ತ್ರಿ ದಾರಿ ಮಾಡಿಕೊಟ್ಟಿದ್ದರು. ಆದರೆ ಅದು ನನಗೆ ಸಲ್ಲಬೇಕಾದದ್ದಲ್ಲ. ಬೆಂಚಿನ ಮೀಸೆಗಳಿಂದ ಹಿಡಿದು ಮೂರು ದಿನದ ಕುಂಟುವಿಕೆಯವರೆಗೆ ಎಲ್ಲ ಹೇಳಿಬಿಟ್ಟೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ತಿಕೋಟಾ ಬಂತು, ಹೋಯಿತು. ಹೊಸ ಇಂಜಿನ್ನು ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ, ಮೊದಲಿನಂತೆ ಅದರ ಗದ್ದಲದಲ್ಲಿ ಮುಖ ಮುಚ್ಚಿಕೊಳ್ಳಲೂ ಅವಕಾಶವಿರಲಿಲ್ಲ.

ಬಿಜ್ಜರಗಿಯ ಪ್ಲಾಟಿನ ಅಂಚಿಗೆ ಗಾಡಿ ನಿಲ್ಲಿಸಿದಳು. ಮರುದಿನಕ್ಕೆಂದು ಕ್ರೇಟು ಜೋಡಿಸುತ್ತಿದ್ದ ಹೆಣ್ಣಾಳುಗಳು ಹೊಸ ಇಂಜಿನ್ನು ನೋಡಲು ಸುತ್ತ ಬಂದು ನಿಂತರು. ಮಹಾದೇವಿ ಕೆಳಗಿಳಿಯಲಿಲ್ಲ. ಎಡಗೈಯನ್ನು ಲೀವರಿನ ಗುಂಡಿನ ಮೇಲೆ ಇಟ್ಟು, ‘ನನ್ನ ಕೈ ಅಳತಿ ಮಿಸ್ತ್ರಿಗೆ ಗೊತ್ತಾಗೇತಿ, ನಿಮಗೂ ಗೊತ್ತಿರ್ಲಿ. ಅಳೀರಿ’ ಎಂದಳು. ‘ಮಂದಿ ನೋಡಾಕತ್ತಾರ’ ಎಂದೆ. ‘ನೋಡ್ಲಿ’ ಎಂದಳು.

ಅವಳ ಹೆಗಲಿನಿಂದ ಗೇಣು ಹಾಕುತ್ತಾ ಹೋದೆ. ಮೊಳಕೈಯ ಹತ್ತಿರ ಬಂದಾಗ ಅವಳಿಗೆ ಕಚಗುಳಿಯಾಗಿ ನಗು ಬಂತು. ಎರಡು ಗೇಣು, ನಾಲ್ಕು ಬೆರಳು ಎಂದೆ. ಸರಿಯಾಗಿ ಅಳೀರಿ ಎಂದಳು. ಮತ್ತೆ ಅಳೆದೆ, ಈ ಸಲ ಆರು ಬೆರಳು ಬಂತು. ಮೂರನೆಯ ಸಲ ಐದು. ತಪ್ಪು ಲೀವರಿನದಲ್ಲ, ಅವಳ ಕೈಯದಂತೂ ಅಲ್ಲ. ಅಳೆಯುವವನಿಗೆ ಇನ್ನೂ ಅಭ್ಯಾಸ ಸಾಲದು.